ಕುಂಡದ ಕಾಳುಮೆಣಸು ಹಳದಿಯಾದರೆ: ನೀರಿನ ತಪ್ಪೋ, ಗೊಬ್ಬರದ ತಪ್ಪೋ?

ಕುಂಡದಲ್ಲಿರುವ ಪೊದೆ ಮೆಣಸಿನ ಎಲೆ ಹಳದಿಯಾದ ಕೂಡಲೇ ಹೆಚ್ಚಿನವರು ಒಂದು ಹಿಡಿ ಗೊಬ್ಬರ ಹಾಕುತ್ತಾರೆ. ವಾರದಲ್ಲಿ ಸರಿಹೋಗದಿದ್ದರೆ ಇನ್ನೊಂದು ಹಿಡಿ. ಜೊತೆಗೆ ಎರಡು ಚೊಂಬು ನೀರು. ಕೊಡಗಿನ ಅಂಗಳಗಳಲ್ಲಿ ಒಳ್ಳೊಳ್ಳೆಯ ಗಿಡಗಳು ಸಾಯುವುದು ಹೆಚ್ಚಾಗಿ ಹೀಗೆಯೇ. ಗಿಡಕ್ಕೆ ಹಸಿವಾಗಿರುವುದಿಲ್ಲ, ಬೇರಿಗೆ ಉಸಿರು ಕಟ್ಟಿರುತ್ತದೆ. ಬೇರು ಕೆಲಸ ಮಾಡದೆ ಇರುವಾಗ ಹಾಕಿದ ಗೊಬ್ಬರ ಊಟವಾಗುವುದಿಲ್ಲ, ಬರೀ ಉಪ್ಪಾಗಿ ಉಳಿಯುತ್ತದೆ.

ಹಾಗಾಗಿ ಈ ಬರಹದ ಕ್ರಮ ಇಷ್ಟೇ. ಮೊದಲು ನೀರು, ಆಮೇಲೆ ಬೇರು, ಆಮೇಲೆ ಎಲೆ, ಕೊನೆಗೆ ಗೊಬ್ಬರ. ಈ ಕ್ರಮವನ್ನು ತಿರುಗಿಸಬೇಡಿ. ಎಲೆಯ ಫೋಟೋ ಒಂದನ್ನೇ ನೋಡಿ ಔಷಧಿ ಹೇಳುವವರ ಮಾತನ್ನೂ ನಂಬಬೇಡಿ. ನೀರು ಹೆಚ್ಚಾದ ಗಿಡದ ಎಲೆಯೂ ನೀರು ಕಡಿಮೆಯಾದ ಗಿಡದ ಎಲೆಯೂ ದೂರದಿಂದ ಒಂದೇ ತರ ಜೋಲು ಬಿದ್ದಿರುತ್ತವೆ.

ನಿಮ್ಮ ಗಿಡ ಯಾವ ಬೇರಿನ ಮೇಲೆ ನಿಂತಿದೆ?

ಇದನ್ನು ತಿಳಿಯದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ. ತೋಟದಲ್ಲಿ ಸಿಲ್ವರ್ ಓಕಿಗೋ ಹಾಲುವಾಣಕ್ಕೋ ಹಬ್ಬಿಸುವ ಬಳ್ಳಿಯೂ ಕುಂಡದ ಪೊದೆಯೂ ಒಂದೇ ಜಾತಿ. ವ್ಯತ್ಯಾಸ ತುಂಡು ತೆಗೆದ ಜಾಗದಲ್ಲಿದೆ. ಬಳ್ಳಿಯ ಪಕ್ಕಕ್ಕೆ ಬರುವ, ಕಾಯಿ ಬಿಡುವ ಅಡ್ಡ ಕವಲನ್ನು ಬೇರು ಬರಿಸಿ ನೆಟ್ಟರೆ ಅದು ಮೇಲಕ್ಕೆ ಹತ್ತುವುದಿಲ್ಲ. ಪೊದೆಯಾಗಿ ಕೂರುತ್ತದೆ, ಬೇಗ ಗೆರೆ, ಅಂದರೆ ಕಾಳು ಕಟ್ಟುವ ತೆನೆ, ಬಿಡುತ್ತದೆ, ಚೆನ್ನಾಗಿ ನೋಡಿಕೊಂಡರೆ ವರ್ಷವಿಡೀ ಅಲ್ಲೊಂದು ಇಲ್ಲೊಂದು ಗೆರೆ ಇದ್ದೇ ಇರುತ್ತದೆ. ತೋಟದ ಬಳ್ಳಿಯ ಹಾಗೆ ಮುಂಗಾರಿಗೆ ಕಾದು ಕೂರುವುದಿಲ್ಲ. ಸದಾ ದುಡಿಯುವ ಗಿಡ ಆದ್ದರಿಂದ ಇದಕ್ಕೆ ಊಟವೂ ಸ್ವಲ್ಪ ಸ್ವಲ್ಪವಾಗಿ ವರ್ಷವಿಡೀ ಬೇಕು.

ಇನ್ನೊಂದು ಬಗೆ ಹಿಪ್ಪಲಿ ಕಸಿ. ದಕ್ಷಿಣ ಅಮೆರಿಕದ ಒಂದು ಹಿಪ್ಪಲಿ ಜಾತಿಯ ಬೇರಿನ ಮೇಲೆ ನಮ್ಮ ಮೆಣಸಿನ ಕವಲನ್ನು ಕೂರಿಸಿರುತ್ತಾರೆ. ಆ ಹಿಪ್ಪಲಿ ತೇವದ ಜಾಗದ ಗಿಡ. ಬೇರಿಗೆ ನೀರು ನಿಂತರೂ ತಡೆದುಕೊಳ್ಳುತ್ತದೆ, ಬುಡ ಕೊಳೆಸಿ ಗಿಡವನ್ನೇ ಕೊಲ್ಲುವ ಸೊರಗು ರೋಗಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಒಣಗಿಸಿದರೆ ಮಾತ್ರ ತಾಳುವುದಿಲ್ಲ. ಸ್ವಂತ ಬೇರಿನ ಗಿಡ ಇದಕ್ಕೆ ಪೂರ್ತಿ ಉಲ್ಟಾ. ಅದು ಎರಡು ದಿನದ ಒಣಗನ್ನು ಸಹಿಸುತ್ತದೆ, ಎರಡು ದಿನ ನಿಂತ ನೀರನ್ನು ಸಹಿಸುವುದಿಲ್ಲ.

ಬುಡದ ಹತ್ತಿರ ನೋಡಿ. ಕಸಿ ಕಟ್ಟಿದ ಗಂಟು ಕಂಡರೆ, ಅದರ ಕೆಳಗಿನ ಕಾಂಡ ಮೇಲಿನದಕ್ಕಿಂತ ಬೇರೆ ತರ ಕಂಡರೆ ಅದು ಕಸಿ ಗಿಡ. ಗಂಟಿನ ಕೆಳಗಿನಿಂದ ಬೇರೆ ಆಕಾರದ ಎಲೆಯ ಚಿಗುರು ಎದ್ದಿದ್ದರೆ ಅದು ಹಿಪ್ಪಲಿಯದ್ದು, ಕೂಡಲೇ ಚಿವುಟಿ ತೆಗೆಯಿರಿ. ಬಿಟ್ಟರೆ ಹಾಕಿದ ಗೊಬ್ಬರವನ್ನೆಲ್ಲ ಅದೇ ತಿಂದು ಮೇಲಿನ ಮೆಣಸು ಬಡವಾಗುತ್ತದೆ. ಆಗಲೂ ಮೇಲಿನ ಎಲೆ ಹಳದಿಯಾಗುತ್ತದೆ, ಜನ ಮತ್ತೆ ಗೊಬ್ಬರ ಹಾಕುತ್ತಾರೆ.

ಮೊದಲು ಕುಂಡ ಎತ್ತಿ ನೋಡಿ

ಮೇಲ್ಮಣ್ಣು ನೋಡಿ ನೀರಿನ ಲೆಕ್ಕ ಹೇಳಲು ಆಗುವುದಿಲ್ಲ. ಕುಶಾಲನಗರದ ಕಡೆ ಬೇಸಿಗೆಯಲ್ಲಿ ಮೇಲಿನ ಒಂದು ಇಂಚು ಬೆಳಿಗ್ಗೆ ಹತ್ತಕ್ಕೇ ಒಣಗಿ ಬಿರಿದಿರುತ್ತದೆ, ಕೆಳಗೆ ಕೆಸರೇ ಇರುತ್ತದೆ. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿದ ಗ್ರೋಬ್ಯಾಗಿನಲ್ಲಿ ಇದರ ಉಲ್ಟಾ ಆಗುವುದುಂಟು. ಮೇಲೆ ತೇವ, ಒಳಗೆ ಬೇರಿನ ಸುತ್ತ ಪುಡಿ ಪುಡಿ.

ಸುಲಭದ ದಾರಿ ತೂಕ. ನೀರು ಹಾಕಿ, ಕೆಳಗಿನ ತೂತಿನಿಂದ ಹರಿದು ನಿಂತ ಮೇಲೆ ಕುಂಡವನ್ನು ಒಮ್ಮೆ ಓರೆ ಮಾಡಿ ಎತ್ತಿ ನೋಡಿ. ಆ ಭಾರ ಕೈಗೆ ನೆನಪಿರಲಿ. ಎರಡು ದಿನ ಬಿಟ್ಟು ಮತ್ತೆ ಎತ್ತಿ. ಕೈ ತಾನಾಗಿ ಕಲಿಯುತ್ತದೆ. ದೊಡ್ಡ ಕುಂಡ ಎತ್ತಲು ಆಗದಿದ್ದರೆ ಒಂದು ಒಣ ಬಿದಿರು ಕಡ್ಡಿಯನ್ನು ಅಂಚಿನ ಹತ್ತಿರ ಗೇಣುದ್ದ ಇಳಿಸಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿಗೆ ಮಣ್ಣು ಅಂಟಿ ತಣ್ಣಗಿದ್ದರೆ ಇವತ್ತು ನೀರು ಬೇಡ.

ಆಮೇಲೆ ಬೇರು. ಇದಕ್ಕೆ ಹೆದರುವವರೇ ಜಾಸ್ತಿ. ಹೆದರಬೇಡಿ. ಅಂಚಿನ ಮಣ್ಣನ್ನು ಎರಡು ಬೆರಳಿನಿಂದ ಕೆದಕಿ ಒಂದೆರಡು ಎಳೆ ಬೇರು ತೆಗೆದು ನೋಡಿದರೆ ಗಿಡಕ್ಕೆ ಏನೂ ಆಗುವುದಿಲ್ಲ. ಬೇರು ಬಿಳಿ ಅಥವಾ ಕೆನೆ ಬಣ್ಣ ಇದ್ದು, ಎಳೆದರೆ ಗಟ್ಟಿಯಾಗಿ ಹಿಡಿದರೆ ಬೇರು ಚೆನ್ನಾಗಿದೆ. ಕಂದು ಕಪ್ಪಾಗಿ, ಉಗುರಿನಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಕೊಳೆತಿದೆ. ಮೂಗಿನ ಹತ್ತಿರ ಹಿಡಿಯಿರಿ. ಒಳ್ಳೆಯ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ, ಕೊಳೆತ ಬೇರಿಗೆ ಚರಂಡಿಯ ವಾಸನೆ. ಎಲೆ ನೋಡಿ ಅರ್ಧ ಗಂಟೆ ತಲೆ ಕೆಡಿಸಿಕೊಂಡರೂ ಸಿಗದ ಉತ್ತರ ಇಲ್ಲಿ ಒಂದು ನಿಮಿಷದಲ್ಲಿ ಸಿಗುತ್ತದೆ.

ಮಣ್ಣು ಒದ್ದೆ, ಎಲೆ ಜೋಲು

ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಇದೇ ಮುಖ್ಯ ಕಾಯಿಲೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಕ್ಕಡ ತಿಂಗಳಿನಲ್ಲಿ, ಅಂದರೆ ಜುಲೈ ಆಗಸ್ಟ್ ನಡುವೆ, ಸೂರಿನ ಕೆಳಗೆ ಇಟ್ಟ ಕುಂಡಕ್ಕೆ ಬರೀ ಮಳೆಯಷ್ಟೇ ಅಲ್ಲ, ಹೆಂಚಿನ ಮೇಲಿನ ನೀರೆಲ್ಲ ಧಾರೆಯಾಗಿ ಅದರ ಮೇಲೇ ಸುರಿಯುತ್ತದೆ. "ನಾನು ನೀರೇ ಹಾಕಿಲ್ಲ ಅಕ್ಕ, ಆದರೂ ಕೊಳೀತು" ಅಂತ ಹೇಳುವವರ ಮನೆಗೆ ಹೋದರೆ ಕುಂಡ ಸೂರಿನ ಗೆರೆಯಲ್ಲೇ ಇರುತ್ತದೆ.

ನೋಡಬೇಕಾದದ್ದು ಮೂರು ಜಾಗ. ಕುಂಡದ ತಳದ ತೂತು ಮುಚ್ಚಿದೆಯೇ? ಹಳೆಯ ಗಿಡದಲ್ಲಿ ಬೇರೇ ತೂತನ್ನು ಮುಚ್ಚಿರುತ್ತದೆ. ಕೆಳಗೆ ತಟ್ಟೆ ಇದೆಯೇ? ಮಳೆಗಾಲದಲ್ಲಿ ತಟ್ಟೆ ತೆಗೆದು ಒಳಗಿಡಿ. ಕುಂಡ ನೆಲಕ್ಕೆ ಅಂಟಿ ಕೂತಿದೆಯೇ? ಎರಡು ಇಟ್ಟಿಗೆಯ ಮೇಲೆ ಎತ್ತಿಡಿ. ಇದರಿಂದ ನೀರು ಇಳಿಯುವುದಷ್ಟೇ ಅಲ್ಲ, ನೆಲದ ಮಣ್ಣು ಮಳೆಹನಿಗೆ ಸಿಡಿದು ಎಲೆಗೆ ತಾಗುವುದೂ ತಪ್ಪುತ್ತದೆ. ಸೊರಗು ರೋಗದ ಶಿಲೀಂಧ್ರ ಮಣ್ಣಿನಿಂದ ಎಲೆಗೆ ಹತ್ತುವುದು ಹೆಚ್ಚಾಗಿ ಆ ಸಿಡಿತದಲ್ಲಿ.

ಮಣ್ಣೇ ಗಟ್ಟಿಯಾಗಿದ್ದರೆ ಈ ಯಾವುದೂ ಸಾಕಾಗದು. ತೋಟದ ಕೆಂಪು ಮಣ್ಣನ್ನೇ ಕುಂಡಕ್ಕೆ ತುಂಬಿದರೆ ಒಂದು ಮಳೆಗಾಲದಲ್ಲಿ ಅದು ಅದುಮಿ ಇಟ್ಟಿಗೆಯಾಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಇದು ಹಳೆಯ ಲೆಕ್ಕ, ಈಗಲೂ ಒಳ್ಳೆಯ ಲೆಕ್ಕ. ಮಳೆ ಜಾಸ್ತಿಯಿರುವ ಕಡೆ ಮರಳನ್ನು ಇನ್ನೂ ಸ್ವಲ್ಪ ಹೆಚ್ಚು ಹಾಕಿದರೆ ತಪ್ಪಿಲ್ಲ.

ಬೇರು ಸ್ವಲ್ಪ ಮಾತ್ರ ಕೊಳೆತಿದ್ದರೆ ಗಿಡ ಉಳಿಯುತ್ತದೆ. ಕುಂಡದಿಂದ ಹೊರತೆಗೆದು, ಕಪ್ಪು ಬೇರನ್ನೆಲ್ಲ ಚೂಪಾದ ಕತ್ತರಿಯಿಂದ ಕತ್ತರಿಸಿ. ಉಳಿದ ಬೇರನ್ನು ಹೊಸ ಮಿಶ್ರಣದಲ್ಲಿ ನೆಡಿ. ಕುಂಡ ಮೊದಲಿನದ್ದಕ್ಕಿಂತ ದೊಡ್ಡದು ಬೇಡ. ಕಡಿಮೆ ಬೇರಿಗೆ ದೊಡ್ಡ ಕುಂಡ ಕೊಟ್ಟರೆ ಹೀರಿಕೊಳ್ಳುವವರಿಲ್ಲದೆ ನೀರು ಮತ್ತೆ ನಿಲ್ಲುತ್ತದೆ. ನೆಟ್ಟ ಮೇಲೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಕಲಸಿ ಬುಡಕ್ಕೆ ಹಾಕಿ. ಇರುವ ಗೆರೆಗಳನ್ನು ತೆಗೆದುಬಿಡಿ. ಮನಸ್ಸು ಬಾರದು, ಗೊತ್ತು, ಆದರೂ ತೆಗೆಯಿರಿ. ಬೇರಿಲ್ಲದ ಗಿಡಕ್ಕೆ ಕಾಯಿ ಹೊರೆ. ಎಲೆಯನ್ನೂ ಕಾಲು ಭಾಗ ಕಡಿಮೆ ಮಾಡಿ ನೆರಳಿನಲ್ಲಿಡಿ. ಹೊಸ ಎಲೆ ಪೂರ್ತಿ ಬಿಚ್ಚುವವರೆಗೆ ಗೊಬ್ಬರ ಮುಟ್ಟಿಸಬೇಡಿ.

ಮಣ್ಣು ಒಣಗಿ, ಎಲೆ ಜೋಲು

ಇದು ಸುಲಭ ಅನಿಸುತ್ತದೆ, ನೀರು ಹಾಕಿದರೆ ಆಯಿತು ಅಲ್ವಾ? ಒಂದು ತೊಡಕಿದೆ. ಕೊಕೊಪೀಟ್ ಜಾಸ್ತಿ ಇರುವ ಮಿಶ್ರಣ ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿಯಲ್ಲಿ ಸರ್ ಅಂತ ಇಳಿದು ತೂತಿನಿಂದ ಹೊರಗೆ ಬರುತ್ತದೆ. ನೀರು ಹೊರಗೆ ಬಂತು, ಸಾಕಾಯಿತು ಅಂದುಕೊಳ್ಳುತ್ತೇವೆ. ಒಳಗಿನ ಉಂಡೆ ಒಣಗಿಯೇ ಇರುತ್ತದೆ. ದಿನವೂ ನೀರು ಹಾಕಿದರೂ ಬಾಡುವ ಗಿಡಗಳಲ್ಲಿ ಬಹಳಷ್ಟರ ಕಥೆ ಇದೇ.

ಅಂಥ ಕುಂಡವನ್ನು ಅಗಲವಾದ ಬಕೆಟಿನ ನೀರಿನಲ್ಲಿ ಅರ್ಧದವರೆಗೆ ಮುಳುಗಿಸಿಡಿ. ಗುಳ್ಳೆ ಏಳುವುದು ನಿಂತು ಮೇಲ್ಮಣ್ಣು ತೇವವಾದ ಮೇಲೆ ತೆಗೆದು ನೀರು ಬಸಿಯಲು ಬಿಡಿ. ಆಮೇಲೆ ಸಂದಿಗೆ ಮಣ್ಣು ತುಂಬಿ ಬೆರಳಿನಿಂದ ಒತ್ತಿ. ಮುಂದೆ ನೀರು ಹಾಕುವಾಗ ಒಮ್ಮೆಲೇ ಸುರಿಯದೆ ಎರಡು ಸಲವಾಗಿ, ನಡುವೆ ಐದು ನಿಮಿಷ ಬಿಟ್ಟು ಹಾಕಿ.

ಬೇಸಿಗೆಯ ಲೆಕ್ಕ ಊರಿಂದ ಊರಿಗೆ ಬೇರೆ. ಡಿಸೆಂಬರ್ ಹೊತ್ತಿನ ಸುಗ್ಗಿ ಹಬ್ಬ ಪುತ್ತರಿ ಮುಗಿದು ಚಳಿಯ ಗಾಳಿ ಬೀಸುವಾಗ ಮಣ್ಣು ಒಣಗುವುದು ಜನರ ಗಮನಕ್ಕೆ ಬರುವುದಿಲ್ಲ. ಬಿಸಿಲು ಹೆಚ್ಚಿಲ್ಲ ಅಂತ ಸುಮ್ನೆ ಇರುತ್ತಾರೆ, ಒಣಗಾಳಿ ಮಾತ್ರ ಎಲೆಯಿಂದ ನೀರು ಎಳೆಯುತ್ತಲೇ ಇರುತ್ತದೆ. ಜನವರಿಯಿಂದ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬರುವವರೆಗಿನ ಕಾಲ ಕುಂಡದ ಮೆಣಸಿಗೆ ನಿಜವಾದ ಪರೀಕ್ಷೆ. ಕುಶಾಲನಗರ, ಶನಿವಾರಸಂತೆ ಕಡೆ ಮಳೆಯೇ ಮಡಿಕೇರಿಯ ಅರ್ಧಕ್ಕಿಂತ ಕಡಿಮೆ. ಅಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ದಿನಕ್ಕೊಮ್ಮೆ ನೀರು ಬೇಕಾಗಬಹುದು, ಹಿಪ್ಪಲಿ ಕಸಿಯಾದರೆ ಬೇಕೇ ಬೇಕು. ಮಡಿಕೇರಿಯ ನೆರಳಿನ ಅಂಗಳದಲ್ಲಿ ಅದೇ ಗಿಡಕ್ಕೆ ಎರಡು ಮೂರು ದಿನಕ್ಕೊಮ್ಮೆ ಸಾಕು. ಹಾಗಾಗಿ "ಇಷ್ಟು ದಿನಕ್ಕೆ ಇಷ್ಟು ಲೀಟರ್" ಅನ್ನುವ ಪಟ್ಟಿಯನ್ನು ನಾನು ಕೊಡುವುದಿಲ್ಲ. ಕುಂಡದ ತೂಕವೇ ಪಟ್ಟಿ.

ಬುಡಕ್ಕೆ ತರಗೆಲೆ ಹೊದಿಸಿ. ಕಾಂಡಕ್ಕೆ ಮಾತ್ರ ಒತ್ತಿ ಇಡಬೇಡಿ, ಎರಡು ಬೆರಳು ಜಾಗ ಬಿಡಿ. ಸಿಮೆಂಟ್ ತಾರಸಿಯ ಮೇಲೆ, ಕಾಫಿ ಕಣದ ಬದಿಯಲ್ಲಿ ಕಪ್ಪು ಗ್ರೋಬ್ಯಾಗ್ ಇಟ್ಟವರು ಮಧ್ಯಾಹ್ನ ಒಮ್ಮೆ ಬ್ಯಾಗಿನ ಬದಿ ಮುಟ್ಟಿ ನೋಡಿ. ಕೈ ಸುಡುವಷ್ಟು ಕಾದಿದ್ದರೆ ಆ ಬದಿಯ ಬೇರು ಬೇಯುತ್ತಿದೆ. ಅದಕ್ಕೆ ಮದ್ದು ನೀರಲ್ಲ, ಜಾಗ ಬದಲಾವಣೆ.

ಬೇರು ಚೆನ್ನಾಗಿದೆ, ಆದರೂ ಹಳದಿ

ಈಗ ಎಲೆ ಓದುವ ಸಮಯ. ಕೇಳಬೇಕಾದ ಮೊದಲ ಪ್ರಶ್ನೆ ಒಂದೇ. ಹಳದಿಯಾಗಿರುವುದು ಹಳೆಯ ಎಲೆಯೋ ಹೊಸ ಎಲೆಯೋ? ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡುತ್ತವೆ. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ಹಾಗಾಗಿ ಗುರುತು ಕೆಳಗಿನ ಎಲೆಯಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ, ಸುಣ್ಣದಂಶ, ಬೋರಾನ್ ಹಾಗೆ ಓಡಾಡುವುದಿಲ್ಲ. ಅವುಗಳ ಕೊರತೆ ಚಿಗುರಿನಲ್ಲಿ ಕಾಣುತ್ತದೆ.

ಹಳೆಯ ಎಲೆ ನರವೂ ಸೇರಿ ಒಂದೇ ಸಮ ತಿಳಿಹಳದಿಯಾದರೆ ಸಾರಜನಕದ ಕೊರತೆ. ಮಳೆಗಾಲ ಮುಗಿದ ಮೇಲೆ, ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಕೊಡಗಿನ ಬಹುಪಾಲು ಕುಂಡಗಳಲ್ಲಿ ಇದು ಕಾಣುತ್ತದೆ. ತಿಂಗಳುಗಟ್ಟಲೆ ಮಳೆ ಕುಂಡವನ್ನು ತೊಳೆದಿರುತ್ತದೆ. ಇದು ನಿಜವಾದ ಹಸಿವು, ಇದಕ್ಕೆ ಗೊಬ್ಬರವೇ ಉತ್ತರ.

ನರ ಹಸಿರಾಗಿ ಉಳಿದು ನಡುವಿನ ಜಾಗ ಹಳದಿಯಾದರೆ, ಅದೂ ಹಳೆಯ ಎಲೆಯಲ್ಲಾದರೆ, ಮೆಗ್ನೀಷಿಯಂ ಕೊರತೆ. ನಮ್ಮ ಹುಳಿ ಮಣ್ಣಿನಲ್ಲಿ, ಮಳೆ ಹೆಚ್ಚಿರುವಲ್ಲಿ ಇದು ಸಾಮಾನ್ಯ. ಎಪ್ಸಮ್ ಉಪ್ಪು, ಅಂದರೆ ಮೆಗ್ನೀಷಿಯಂ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ ಕಲಸಿ ಬೆಳಿಗ್ಗೆ ಎಲೆಗೆ ಸಿಂಪಡಿಸಿ. ಎರಡು ವಾರ ಬಿಟ್ಟು ಇನ್ನೊಮ್ಮೆ. ಹಳದಿಯಾದ ಎಲೆ ಪೂರ್ತಿ ಹಸಿರಾಗದಿದ್ದರೆ ಚಿಂತೆ ಬೇಡ. ಹೊಸದಾಗಿ ಹಳದಿಯಾಗುವುದು ನಿಂತಿತೇ ಅನ್ನುವುದೇ ಮುಖ್ಯ.

ಹಳೆಯ ಎಲೆಯ ತುದಿ ಮತ್ತು ಅಂಚು ಕಂದಾಗಿ ಒಣಗಿದರೆ ಪೊಟ್ಯಾಷ್ ಕೊರತೆ ಇರಬಹುದು. ಆದರೆ ಗೊಬ್ಬರ ಹೆಚ್ಚಾದಾಗಲೂ ಎಲೆಯ ತುದಿ ಸುಡುತ್ತದೆ. ಇವೆರಡನ್ನು ಬೇರ್ಪಡಿಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ. ಇಲ್ಲಿ ಎಡವಿದರೆ ಮದ್ದೇ ವಿಷವಾಗುತ್ತದೆ.

ಇನ್ನು ಹೊಸ ಎಲೆ. ಚಿಗುರೆಲೆ ಹಳದಿಯಾಗಿ, ಸಣ್ಣ ಸಣ್ಣ ನರ ಮಾತ್ರ ಹಸಿರು ಬಲೆಯಂತೆ ಕಂಡರೆ ಕಬ್ಬಿಣ ಸಿಗುತ್ತಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಹಾಗಿದ್ದರೆ ಯಾಕೆ ಸಿಗುತ್ತಿಲ್ಲ? ಎರಡು ಕಾರಣ ಹುಡುಕಿ. ಒಲೆಯ ಬೂದಿಯನ್ನು ಕುಂಡಕ್ಕೆ ಸುರಿಯುವ ಅಭ್ಯಾಸವಿದೆಯೇ? ಬೂದಿಯಲ್ಲಿ ಪೊಟ್ಯಾಷ್ ಇದೆ, ಒಳ್ಳೆಯದೇ. ಆದರೆ ಸುಣ್ಣದ ಗುಣವೂ ಇದೆ. ತಿಂಗಳು ತಿಂಗಳು ಹಿಡಿ ಹಿಡಿ ಹಾಕಿದರೆ ಕುಂಡದ ಸಣ್ಣ ಮಣ್ಣಿನ ಹುಳಿ ಪೂರ್ತಿ ಹೋಗಿ ಕಬ್ಬಿಣ ಕರಗದೆ ಕೂರುತ್ತದೆ. ಎರಡನೆಯದು ಬೋರ್‌ವೆಲ್ ನೀರು. ಪಾತ್ರೆಯಲ್ಲಿ ಬಿಳಿ ಕಲೆ ಬಿಡುವ ಗಡಸು ನೀರು ಬೇಸಿಗೆಯಿಡೀ ಹಾಕಿದರೆ ಇದೇ ಫಲ. ಕಾಳುಮೆಣಸಿಗೆ ಮಣ್ಣಿನ ರಸಸಾರ, ಅಂದರೆ ಪಿಎಚ್, 5.5ರಿಂದ 6.5ರ ಒಳಗಿದ್ದರೆ ಚೆಂದ. ಬೂದಿ ನಿಲ್ಲಿಸಿ. ಮಳೆನೀರು ಹಿಡಿದಿಟ್ಟುಕೊಂಡು ಅದನ್ನೇ ಹಾಕಿ. ಇಷ್ಟು ಮಳೆ ಬೀಳುವ ನಾಡಿನಲ್ಲಿ ಒಂದು ಡ್ರಮ್ ಮಳೆನೀರು ಕೂಡಿಡುವುದು ಕಷ್ಟವಲ್ಲ.

ಹೊಸ ಎಲೆ ಚಿಕ್ಕದಾಗಿ, ಕಿರಿದಾಗಿ, ಗೆಣ್ಣು ಹತ್ತಿರ ಹತ್ತಿರ ಬಂದು ಗುಂಪು ಕಟ್ಟಿದರೆ ಸತುವಿನ ಕೊರತೆ. ಇದಕ್ಕೆ ಬಿಡಿ ಬಿಡಿಯಾಗಿ ಸತು, ಬೋರಾನ್ ಹುಡುಕುವ ಬದಲು ಕಾಳುಮೆಣಸಿಗೆಂದೇ ಮಾಡಿದ ಸೂಕ್ಷ್ಮ ಪೋಷಕಾಂಶದ ಪುಡಿ ತರುವುದು ಒಳ್ಳೆಯದು. ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಅಂಥದ್ದೊಂದನ್ನು ರೂಪಿಸಿದೆ. ಲೀಟರಿಗೆ 5 ಗ್ರಾಂ ಕಲಸಿ ಎಲೆಗೆ ಹೊಡೆಯುವುದು.

ಪೊದೆ ಇಡೀ ಮಂಕು ಹಳದಿಯಾಗಿದ್ದು ಬಿಸಿಲು ಬೀಳುವ ಬದಿಯಲ್ಲಿ ಜಾಸ್ತಿ ಬಿಳಿಚಿದ್ದರೆ ಅದು ಬಿಸಿಲು, ಮತ್ತೇನಲ್ಲ. ಅರ್ಧ ನೆರಳಿಗೆ ಸರಿಸಿ.

ಗೊಬ್ಬರ ಎಷ್ಟು, ಹೆಚ್ಚಾದರೆ ಗುರುತು ಏನು

ಸುಮಾರು 10 ಕಿಲೋ ಮಣ್ಣು ಹಿಡಿಯುವ ಕುಂಡದ ಪೊದೆ ಮೆಣಸಿಗೆ ಎರಡು ತಿಂಗಳಿಗೊಮ್ಮೆ ಸಾರಜನಕ 1 ಗ್ರಾಂ, ರಂಜಕ ಅರ್ಧ ಗ್ರಾಂ, ಪೊಟ್ಯಾಷ್ 2 ಗ್ರಾಂ, ಇದು ಶಿಫಾರಸು. ಅಂಗಡಿಯ ಗೊಬ್ಬರದ ಲೆಕ್ಕಕ್ಕೆ ತಂದರೆ ಯೂರಿಯಾ 2 ಗ್ರಾಂ ಚಿಲ್ಲರೆ, ಸೂಪರ್ ಫಾಸ್ಫೇಟ್ 3 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 3 ಗ್ರಾಂ ಚಿಲ್ಲರೆ. ಮೂರೂ ಸೇರಿ ಒಂಬತ್ತು ಗ್ರಾಂ ದಾಟುವುದಿಲ್ಲ. ಅಂಗೈಯಲ್ಲಿ ಹಾಕಿಕೊಂಡರೆ ಇಷ್ಟೇನಾ ಅನಿಸುತ್ತದೆ. ಹೌದು, ಇಷ್ಟೇ. ತೋಟದಲ್ಲಿ ಬಳ್ಳಿಗೆ ಹಿಡಿ ಲೆಕ್ಕದಲ್ಲಿ ಎರಚಿ ರೂಢಿಯಾದ ಕೈ ಕುಂಡಕ್ಕೂ ಅದೇ ಹಿಡಿ ಹಾಕುತ್ತದೆ. ತೋಟದಲ್ಲಿ ಬೇರು ಹರಡಿ ತಪ್ಪಿಸಿಕೊಳ್ಳಲು ಜಾಗವಿದೆ, ಕುಂಡದಲ್ಲಿ ಎಲ್ಲಿಗೆ ಹೋಗಬೇಕು?

ಗಮನಿಸಿ, ಪೊಟ್ಯಾಷ್ ಸಾರಜನಕದ ಎರಡರಷ್ಟಿದೆ. ಮೂರೂ ಪೋಷಕಾಂಶ ಸಮಸಮ ಇರುವ 19:19:19 ಗೊಬ್ಬರ ಒಂದನ್ನೇ ವರ್ಷಗಟ್ಟಲೆ ಹಾಕುವವರ ಗಿಡದಲ್ಲಿ ಎಲೆ ದಟ್ಟವಾಗಿ ಗೆರೆ ಕಡಿಮೆಯಾಗುವುದು, ಹಳೆಯ ಎಲೆಯ ಅಂಚು ಕಂದಾಗುವುದು ಇದೇ ಕಾರಣಕ್ಕೆ. ಅದನ್ನೇ ಬಳಸುವುದಾದರೆ ಜೊತೆಗೆ ಸ್ವಲ್ಪ ಪೊಟ್ಯಾಷ್ ಸೇರಿಸಿ.

ಈಗ ಆ ತುದಿ ಸುಡುವ ಪ್ರಶ್ನೆ. ಹೊಸ ಎಲೆ, ಹಳೆಯ ಎಲೆ ಎರಡರಲ್ಲೂ ತುದಿ ಒಂದೇ ಸಮ ಸುಟ್ಟಿದ್ದರೆ, ಮಣ್ಣಿನ ಮೇಲೆ ಅಥವಾ ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಉಪ್ಪಿನ ಪದರ ಕಂಡರೆ, ಗೊಬ್ಬರ ಹಾಕಿದ ವಾರದೊಳಗೆ ಇದಾದರೆ, ಅದು ಗೊಬ್ಬರ ಹೆಚ್ಚಾದದ್ದು. ಪೊಟ್ಯಾಷ್ ಕೊರತೆ ಹೀಗೆ ಧಾವಿಸಿ ಬರುವುದಿಲ್ಲ. ಹಳೆಯ ಎಲೆಯಿಂದ ಶುರುವಾಗಿ ವಾರಗಟ್ಟಲೆ ನಿಧಾನವಾಗಿ ಮೇಲಕ್ಕೆ ಹತ್ತುತ್ತದೆ, ಬಿಳಿ ಪದರ ಇರುವುದಿಲ್ಲ.

ಹೆಚ್ಚಾಗಿದ್ದರೆ ಮೇಲಿನ ಬಿಳಿ ಪದರ ಕೆರೆದು ತೆಗೆಯಿರಿ. ಕುಂಡ ಹಿಡಿಯುವ ಮಣ್ಣಿನ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಕಿ ತೊಳೆಯಿರಿ. ಮಳೆನೀರಾದರೆ ಉತ್ತಮ. ನೀರು ಸರಾಗವಾಗಿ ಇಳಿಯುವ ಕುಂಡದಲ್ಲಿ ಮಾತ್ರ ಇದು ಸರಿ. ಇಳಿಯದಿದ್ದರೆ ಮಣ್ಣು ಬದಲಿಸುವುದೊಂದೇ ದಾರಿ. ಆಮೇಲೆ ಎರಡು ತಿಂಗಳು ಗೊಬ್ಬರ ಬೇಡ.

ಗೊಬ್ಬರ ಹಾಕುವ ಹಿಂದಿನ ದಿನ ನೀರು ಹಾಕಿರಬೇಕು. ಒಣ ಮಣ್ಣಿಗೆ ಗೊಬ್ಬರ ಬಿದ್ದರೆ ಬೇರು ಸುಡುತ್ತದೆ. ಜೂನ್ ಜುಲೈನ ಧೋ ಮಳೆಯಲ್ಲಿ ಬಯಲಲ್ಲಿರುವ ಕುಂಡಕ್ಕೆ ಹಾಕುವುದೂ ವ್ಯರ್ಥ, ಬೆಳಗಾಗುವುದರೊಳಗೆ ಚರಂಡಿ ಸೇರಿರುತ್ತದೆ. ಮುಂಗಾರಿನ ಮೊದಲು ಒಮ್ಮೆ, ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟ ಮೇಲೆ ಒಮ್ಮೆ, ಆಮೇಲೆ ಎರಡು ತಿಂಗಳ ಲೆಕ್ಕ.

ಸಾವಯವ ಅಂದರೆ ಎಷ್ಟು ಹಾಕಿದರೂ ಆಗುತ್ತದೆ ಅನ್ನುವ ನಂಬಿಕೆ ಬಹಳ ಗಿಡಗಳನ್ನು ತಿಂದಿದೆ. ಹಸಿ ಸಗಣಿ, ಸರಿಯಾಗಿ ಕಳಿಯದ ಕೋಳಿ ಗೊಬ್ಬರ ಎರಡೂ ಬೇರು ಸುಡುತ್ತವೆ. ಇನ್ನು ನಮ್ಮ ಮನೆಗಳಲ್ಲಿ ಧಾರಾಳವಾಗಿ ಸಿಗುವುದು ಕಾಫಿ ಸಿಪ್ಪೆ. ಪಲ್ಪಿಂಗ್ ಆದ ಹಸಿ ಸಿಪ್ಪೆಯನ್ನಾಗಲಿ, ಹಲ್ಲಿಂಗ್ ಆದ ಒಣ ಸಿಪ್ಪೆಯನ್ನಾಗಲಿ ಹಾಗೇ ಕುಂಡಕ್ಕೆ ತುಂಬಬೇಡಿ. ಅದು ಕೊಳೆಯುವಾಗ ಬಿಸಿಯಾಗುತ್ತದೆ, ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಸಗಣಿ ಜೊತೆ ರಾಶಿ ಹಾಕಿ, ಕಪ್ಪಾಗಿ ಪುಡಿಯಾಗುವವರೆಗೆ ಕಳಿಸಿದ ಮೇಲೆ ಅದರಷ್ಟು ಒಳ್ಳೆಯ ಗೊಬ್ಬರ ಇಲ್ಲ. ಬೇವಿನ ಹಿಂಡಿ ಎರಡು ಮೂರು ತಿಂಗಳಿಗೊಮ್ಮೆ ಅರ್ಧ ಮುಷ್ಟಿ ಸಾಕು.

ಎಲೆ ಚೆನ್ನಾಗಿದೆ, ಗೆರೆ ಮಾತ್ರ ಇಲ್ಲ ಅಥವಾ ಉದುರುತ್ತದೆ

ಮೆಣಸಿನ ಗೆರೆ ಬರುವುದು ಹೊಸ ಎಲೆಯ ಎದುರಿಗೆ. ಚಿಗುರಿಲ್ಲದಿದ್ದರೆ ಗೆರೆಯೂ ಇಲ್ಲ. ಹಾಗಾಗಿ ಗೆರೆ ಬರುತ್ತಿಲ್ಲ ಅಂದರೆ ಚಿಗುರು ಯಾಕೆ ನಿಂತಿದೆ ಅಂತ ಹುಡುಕಿ. ಕುಂಡ ಚಿಕ್ಕದಾಗಿ ಬೇರು ಸುತ್ತಿಕೊಂಡಿದೆಯೇ, ಒಣಗಿದೆಯೇ, ನೆರಳು ತೀರಾ ಜಾಸ್ತಿಯೇ? ಹಳೆಯ ಕವಲಿನ ತುದಿಯನ್ನು ಸ್ವಲ್ಪ ಕತ್ತರಿಸಿದರೆ ಪಕ್ಕದ ಚಿಗುರು ಏಳುತ್ತದೆ. ಪನಿಯೂರು-1 ತಳಿಯಾದರೆ ನೆರಳು ಅದಕ್ಕೆ ಹಿಡಿಸುವುದಿಲ್ಲ, ಬೆಳಕಿಗೆ ಸರಿಸಿ.

ಬುಡದಿಂದ ಉದ್ದಕ್ಕೆ, ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತಾ ಹಬ್ಬು ಬಳ್ಳಿ ಹೊರಟಿದ್ದರೆ ಅದನ್ನು ತೆಗೆಯಿರಿ. ಅದು ಕಾಯಿ ಬಿಡುವುದಿಲ್ಲ, ಪೊದೆಯನ್ನು ಬಳ್ಳಿಯಾಗಿಸುತ್ತದೆ.

ಗೆರೆ ಬಂದು ಎಳೆಯದರಲ್ಲೇ ಉದುರಿದರೆ ಮೊದಲ ಅನುಮಾನ ನೀರಿನ ಮೇಲೆ. ಹೂ ಬಿಡುವಾಗ ಒಮ್ಮೆ ಬಾಡಿದರೂ ಗಿಡ ಗೆರೆಯನ್ನು ಬಿಟ್ಟುಕೊಡುತ್ತದೆ. ಗೆರೆ ನಿಂತರೂ ಕಾಳು ಅಲ್ಲಲ್ಲಿ ಮಾತ್ರ ಕಟ್ಟಿದರೆ ಪರಾಗ ಹರಡಿಲ್ಲ. ಮೆಣಸಿನ ಹೂವಿನ ಪರಾಗ ಮಳೆಹನಿ ಮತ್ತು ಇಬ್ಬನಿಯ ಜೊತೆ ಗೆರೆಯ ಮೇಲೆ ಕೆಳಕ್ಕೆ ಹರಿಯುತ್ತದೆ. ತಾರಸಿ ಕೆಳಗೆ, ಜಗಲಿಯಲ್ಲಿ ಇಟ್ಟ ಗಿಡಕ್ಕೆ ಆ ಹನಿ ಸಿಗುವುದಿಲ್ಲ. ಹೂ ಬಿಟ್ಟಿರುವ ದಿನಗಳಲ್ಲಿ ಬೆಳಿಗ್ಗೆ ಸ್ಪ್ರೇಯರಿನಿಂದ ಗೆರೆಯ ಮೇಲೆ ಮಂಜಿನಂತೆ ನೀರು ಹೊಡೆಯಿರಿ. ಸಂಜೆ ಬೇಡ, ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಶಿಲೀಂಧ್ರಕ್ಕೆ ಹಬ್ಬ.

ಕಾಳು ದೊಡ್ಡದಾದ ಮೇಲೆ ಒಳಗೆ ಟೊಳ್ಳಾಗಿ ಸಣ್ಣ ತೂತು ಕಂಡರೆ ಅದು ಪೊಳ್ಳು ದುಂಬಿ. ನೀರು ಗೊಬ್ಬರಕ್ಕೂ ಅದಕ್ಕೂ ಸಂಬಂಧವಿಲ್ಲ.

ನೀರು, ಗೊಬ್ಬರ ಎರಡೂ ಸರಿಯಿದ್ದರೆ

ಮಳೆಗಾಲದಲ್ಲಿ ಎಲೆಯ ಮೇಲೆ ಕಪ್ಪು ಮಚ್ಚೆ, ಅದರ ಅಂಚು ನೂಲು ಬಿಟ್ಟಂತೆ ಹರಡುತ್ತಿದೆ, ಬುಡ ಕಪ್ಪಾಗಿ ಕೆಲವೇ ದಿನಗಳಲ್ಲಿ ಎಲೆಯೆಲ್ಲ ಉದುರುತ್ತಿದೆ ಅಂದರೆ ಶೀಘ್ರ ಸೊರಗು ರೋಗ. ಬುಡ ಕೊಳೆತ ಗಿಡ ಉಳಿಯುವುದಿಲ್ಲ. ಅದನ್ನೂ ಅದರ ಮಣ್ಣನ್ನೂ ಬೇರೆ ಗಿಡಗಳಿಂದ ದೂರ ಒಯ್ದು ನಾಶ ಮಾಡಿ. ಮಣ್ಣನ್ನು ತೋಟಕ್ಕೆ ಎಸೆಯಲೇಬೇಡಿ. ಉಳಿದ ಕುಂಡಗಳಿಗೆ ಶೇಕಡಾ 1ರ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಸಿಂಪಡಿಸಿ. 10 ಲೀಟರಿಗೆ ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ ಸೇರಿಸುವುದು, ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಮುಂಗಾರಿನ ಆರಂಭದಲ್ಲಿ ಒಮ್ಮೆ, ಆಗಸ್ಟ್ ಹೊತ್ತಿಗೆ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ. ಟ್ರೈಕೋಡರ್ಮಾ ಹಾಕುವವರು ಅದೇ ಮಣ್ಣಿಗೆ ತಾಮ್ರದ ಔಷಧಿ ಹಾಕಬೇಡಿ, ತಾಮ್ರ ಆ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ನಿಧಾನವಾಗಿ, ವರ್ಷದಿಂದ ವರ್ಷಕ್ಕೆ ಗಿಡ ಹಳದಿಯಾಗಿ ಕುಗ್ಗುತ್ತಾ ಬಂದರೆ ಬೇರು ತೊಳೆದು ನೋಡಿ. ಸಣ್ಣ ಸಣ್ಣ ಗಂಟುಗಳಿದ್ದರೆ ಜಂತುಹುಳು. ಬೇರಿನ ಮೇಲೆ ಬಿಳಿ ಹಿಟ್ಟಿನಂಥ ಪದರವಿದ್ದು ಕುಂಡದಲ್ಲಿ ಇರುವೆಗಳ ಓಡಾಟವಿದ್ದರೆ ಬೇರಿನ ಹಿಟ್ಟು ತಿಗಣೆ. ಎರಡೂ ಹೆಚ್ಚಾಗಿ ತೋಟದ ಮಣ್ಣಿನ ಜೊತೆಗೇ ಕುಂಡಕ್ಕೆ ಬರುತ್ತವೆ. ಹಾಗಾಗಿ ಕುಂಡ ತುಂಬುವ ಮೊದಲೇ ಬೇಸಿಗೆಯಲ್ಲಿ ತೇವದ ಮಿಶ್ರಣವನ್ನು ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ತಿಂಗಳಿಗಿಂತ ಹೆಚ್ಚು ಬಿಸಿಲಿಗೆ ಬಿಡುವುದು ಬಹಳ ಒಳ್ಳೆಯ ಅಭ್ಯಾಸ. ಮಾರ್ಚ್ ಏಪ್ರಿಲ್ ಬಿಸಿಲನ್ನು ಇದಕ್ಕೆ ಬಳಸಿಕೊಳ್ಳಿ.

ಇಷ್ಟೆಲ್ಲ ನೋಡಿಯೂ ಕಾರಣ ಸಿಗದಿದ್ದರೆ ಊಹೆಯ ಮೇಲೆ ಔಷಧಿ ಹಾಕಬೇಡಿ. ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಹೋಗುವಾಗ ಒಂದೆರಡು ಎಲೆ ಮಾತ್ರ ಒಯ್ಯಬೇಡಿ. ಹಳೆಯ ಎಲೆ, ಹೊಸ ಎಲೆ ಎರಡೂ ಇರುವ ಒಂದು ಕವಲು, ಮಣ್ಣು ಸಮೇತ ಒಂದು ಹಿಡಿ ಬೇರು, ಕುಂಡದ ನಡುವಿನ ಆಳದಿಂದ ತೆಗೆದ ಮಣ್ಣು, ಇವನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಅದೇ ದಿನ ತಲುಪಿಸಿ. ಕೊನೆಯ ಸಲ ಯಾವ ಗೊಬ್ಬರ, ಎಷ್ಟು, ಯಾವಾಗ ಹಾಕಿದ್ದು, ನೀರು ಕೆರೆಯದೋ ಬೋರ್‌ವೆಲ್‌ನದೋ, ಗಿಡ ಸ್ವಂತ ಬೇರಿನದೋ ಹಿಪ್ಪಲಿ ಕಸಿಯೋ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮಣ್ಣು ತೀರಾ ಹುಳಿ ಅಂತ ಬಂದರೆ ಕುಂಡಕ್ಕೆ ಒಂದು ಊಟದ ಚಮಚ ಡೋಲೊಮೈಟ್, ಅಂದರೆ ಹುಳಿ ತಗ್ಗಿಸುವ ಸುಣ್ಣಕಲ್ಲಿನ ಪುಡಿ, ಬೆರೆಸಿ ನೀರು ಹಾಕಿ. ಯೂರಿಯಾ ಹಾಕುವುದಿದ್ದರೆ ಡೋಲೊಮೈಟ್ ಹಾಕಿ ಮೂರು ವಾರ ಕಳೆಯಲಿ, ಎರಡೂ ಒಟ್ಟಿಗೆ ಬಿದ್ದರೆ ಸಾರಜನಕ ಗಾಳಿಗೆ ಹೋಗುತ್ತದೆ.